ಕಾಂಕ್ರೀಟ್ ರಸ್ತೆಯ 'ಕ್ರ್ಯಾಕ್ ಕಂಟ್ರೋಲ್'ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಕಾಂಕ್ರೀಟ್ ರಸ್ತೆ ಕೆಲಸದವರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ, ಮೂರು ಪದ ಬೇಕಾಗಿವೆ.

ಮೊದಲನೆಯದು 'ಕ್ರ್ಯಾಕ್ ಕಂಟ್ರೋಲ್'. 'ಬಿರುಕು ತಡೆ' ಅಂದರೆ ಅರ್ಥವೇ ಕೆಡುತ್ತದೆ. ಕಾಂಕ್ರೀಟ್ ಒಣಗುತ್ತಾ, ತಣ್ಣಗಾಗುತ್ತಾ ಕುಗ್ಗುತ್ತದೆ, ಕೆಳಗಿನ ಪದರ ಅದನ್ನು ಜರುಗಲು ಬಿಡುವುದಿಲ್ಲ, ಹಾಗಾಗಿ ಅದು ಬಿರಿಯಲೇಬೇಕು. ಎಲ್ಲಿ ಬಿರಿಯಬೇಕು, ಎಷ್ಟು ಬಾಯಿ ಬಿಡಬೇಕು ಅನ್ನೋದಷ್ಟೇ ನಮ್ಮ ಕೈಲಿರುವುದು. ಕಬ್ಬಿಣ ಹಾಕಿದರೆ ಬಿರುಕೇ ಬರಲ್ಲ ಅಂತ ತುಂಬಾ ಜನ ನಂಬಿದ್ದಾರೆ, ಅದು ಸರಿಯಲ್ಲ. ಉದ್ದಕ್ಕೂ ಎಡೆಬಿಡದೆ ಸರಳು ಹಾಕಿದ ರಸ್ತೆಯಲ್ಲಿ, ಅಂದರೆ ಅಡ್ಡಕ್ಕೆ ಕೊಯ್ಯದೆ ಬಿಟ್ಟ ರಸ್ತೆಯಲ್ಲಿ, ಉಕ್ಕು ಸಾಮಾನ್ಯವಾಗಿ ಕಾಂಕ್ರೀಟಿನ ಅಡ್ಡಕೊಯ್ತದ ವಿಸ್ತೀರ್ಣದ ಶೇ. 0.6ರಿಂದ 0.7ರಷ್ಟು ಇರುತ್ತದೆ, ಆದರೂ ಒಂದೆರಡು ಮೀಟರಿಗೊಂದು ಕೂದಲೆಳೆ ಬಿರುಕು ಬರುತ್ತದೆ. ಬರಲಿ ಅಂತಲೇ ಲೆಕ್ಕ ಹಾಕಿರುತ್ತಾರೆ. ಸರಳು ಅದನ್ನು ಬಿಗಿಯಾಗಿ ಹಿಡಿದರೆ ಎರಡೂ ಕಡೆಯ ಜಲ್ಲಿ ಕಚ್ಚಿಕೊಂಡಿರುತ್ತದೆ, ಲಾರಿಯ ಭಾರ ಆಚೆಗೆ ದಾಟುತ್ತದೆ. 'ನಿಯಂತ್ರಣ' ಅಂದರೆ ಸೊಳ್ಳೆ ನಿಯಂತ್ರಣದ ಹಾಗೆ ಇಲ್ಲವಾಗಿಸೋದು ಅಂತ ಓದುವವರೇ ಜಾಸ್ತಿ. ಅದಕ್ಕೇ 'ಬಿರುಕಿನ ಹಿಡಿತ' ಅನ್ನೋಣ ಅಂತ ನನ್ನ ಆಸೆ.

ಎರಡನೆಯದು 'ಜಾಯಿಂಟ್'. ಬೆಂಗಳೂರಿನ ವೈಟ್ ಟಾಪಿಂಗ್ ರಸ್ತೆಗಳ (ಹಳೆಯ ಡಾಂಬರಿನ ಮೇಲೆ ಕಾಂಕ್ರೀಟ್ ಹಾಸಿದ ರಸ್ತೆಗಳ) ಮೇಲೆ ಅಡ್ಡಡ್ಡ ಗೀರು ನೋಡಿರುತ್ತೀರಿ. ಕಾಂಕ್ರೀಟ್ ಹಾಕಿ ಕೆಲವು ಗಂಟೆ ಕಳೆದು, ಅಂಚು ಉದುರದಷ್ಟು ಗಟ್ಟಿಯಾದ ಕೂಡಲೇ, ಗರಗಸದ ಯಂತ್ರದಲ್ಲಿ ದಪ್ಪದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕೊಯ್ದಿರುತ್ತಾರೆ. ಮುಂದೆ ಬಿರುಕು ಆ ಗೀರಿನ ತಳದಿಂದಲೇ ಕೆಳಕ್ಕೆ ಇಳಿಯುತ್ತದೆ. ಬೆಳಿಗ್ಗೆ ಕೊಯ್ದರಾಯ್ತು ಅಂತ ತಡ ಮಾಡಿದರೆ ಕಾಂಕ್ರೀಟ್ ಚಪ್ಪಡಿ ತನಗೆ ಬೇಕಾದ ಕಡೆ ಸೊಟ್ಟಗೆ ಸೀಳುತ್ತದೆ. ಇಲ್ಲಿ ಜೋಡಿಸಿದ್ದು ಏನೂ ಇಲ್ಲ, ಕೊಯ್ದದ್ದು ಅಲ್ವಾ? 'ಕೀಲು' ಅಂದರೆ ಮೊಣಕಾಲೇ ನೆನಪಾಗುತ್ತದೆ. 'ಸಂದು' ವಾಸಿ. ಕಾಂಟ್ರ್ಯಾಕ್ಷನ್ ಜಾಯಿಂಟಿಗೆ 'ಕುಗ್ಗುಸಂದು', ಎಕ್ಸ್‌ಪ್ಯಾನ್ಷನ್ ಜಾಯಿಂಟಿಗೆ 'ಹಿಗ್ಗುಸಂದು' ಅಂದರೆ ನಡೆಯುತ್ತದಾ?

ಮೂರನೆಯದೇ ಕಷ್ಟ: 'ಟೈ ಬಾರ್' ಮತ್ತು 'ಡೋವೆಲ್', ಸಂದಿನಲ್ಲಿ ಹಾಕುವ ಎರಡು ಬಗೆಯ ಉಕ್ಕಿನ ಸರಳು. ರಸ್ತೆಯ ಉದ್ದಕ್ಕೆ ಸಾಗುವ ಸಂದಿನಲ್ಲಿ ಹಾಕುವ ಟೈ ಬಾರ್ ಮೈಮೇಲೆ ಉಬ್ಬುಗೆರೆಗಳಿರುತ್ತವೆ, ಅದು ಎರಡು ಚಪ್ಪಡಿಗಳನ್ನು ಕಟ್ಟಿ ಹಿಡಿಯುತ್ತದೆ. ಅಡ್ಡಸಂದಿನ ಡೋವೆಲ್ ನುಣುಪು, ಅದಕ್ಕೆ ಗ್ರೀಸ್ ಸವರಿಯೋ ಪ್ಲಾಸ್ಟಿಕ್ ತೊಡಿಸಿಯೋ ಇಡುತ್ತಾರೆ, ಚಪ್ಪಡಿ ಕುಗ್ಗುವಾಗ ಜಾರಬೇಕು. ಅದು ಸೊಟ್ಟಗೆ ಕೂತರೆ ಸಂದು ಬಿಗಿದು ಪಕ್ಕದಲ್ಲೇ ಬಿರುಕು ಏಳಬಹುದು. ಎರಡನ್ನೂ ಸುಮ್ನೆ 'ಸರಳು' ಅಂತ ಬರೆಯೋಕೆ ನನಗೆ ಮನಸ್ಸಿಲ್ಲ. 'ಕಟ್ಟುಸರಳು', 'ಜಾರುಸರಳು' ಅಂದರೆ ಓದಿದ ಕೂಡಲೇ ಹೊಳೆಯುತ್ತದಾ? ನಿಮ್ಮ ಕಡೆಯ ಮೇಸ್ತ್ರಿಗಳು ಇವಕ್ಕೆ ಬೇರೆ ಹೆಸರು ಹೇಳುತ್ತಿದ್ದರೆ ದಯವಿಟ್ಟು ಊರಿನ ಹೆಸರಿನೊಂದಿಗೆ ತಿಳಿಸಿ, ಅದನ್ನೇ ಹಾಕುತ್ತೇನೆ.