4ಜಿ ಮಾಡ್ಯೂಲ್ ಕೊಂಡರೆ ಪೇಟೆಂಟ್ ರಾಯಧನವೂ ತೀರಿದಂತೆಯೇ?

ಪ್ರಶ್ನೆ: ತಯಾರಕ, ಪೀಣ್ಯ
ವಾಹನಗಳಿಗೆ ಅಳವಡಿಸುವ 4ಜಿ ಟ್ರ್ಯಾಕರ್ ತಯಾರಿಸುವ ಸಣ್ಣ ಘಟಕ ನಮ್ಮದು. ಆಮದಾದ ಮಾಡ್ಯೂಲನ್ನು (4ಜಿ ಚಿಪ್ ಇರುವ ಸಿದ್ಧ ಬಿಡಿಭಾಗ) ನಮ್ಮ ಬೋರ್ಡಿಗೆ ಕೂರಿಸಿ, ಜಿಪಿಎಸ್ ಆಂಟೆನಾ ಮತ್ತು ಬ್ಯಾಟರಿ ಸೇರಿಸಿ, ಸುಮಾರು 4,000 ರೂಪಾಯಿಗೆ ಮಾರುತ್ತೇವೆ. ಪರವಾನಗಿ ಪಡೆಯಿರಿ ಎಂದು ಪೇಟೆಂಟ್‌ದಾರ ಕಂಪನಿಯೊಂದು ಪತ್ರ ಬರೆದಿದೆ. ಇದೆಲ್ಲ ಮಾಡ್ಯೂಲಿನ ಬೆಲೆಯಲ್ಲೇ ಸೇರಿರುವುದಿಲ್ಲವೇ? ರಾಯಧನವನ್ನು ಯಾವ ಬೆಲೆಯ ಮೇಲೆ ಹಾಕುತ್ತಾರೆ?

ಉತ್ತರ 1: ಪೇಟೆಂಟ್ ವಕೀಲೆ, ಜಯನಗರ
ಸೇರಿರಲೇಬೇಕೆಂದಿಲ್ಲ. ಮಾಡ್ಯೂಲ್ ತಯಾರಕರು ಆ ಪೇಟೆಂಟ್‌ದಾರರಿಂದ ಪರವಾನಗಿ ಪಡೆದಿದ್ದರೆ ನಿಮ್ಮ ಮೇಲೆ ಮತ್ತೆ ಹಕ್ಕು ಸಾಧಿಸುವುದು ಕಷ್ಟ. ಆದರೆ ಮೊಬೈಲ್ ಕ್ಷೇತ್ರದ ಬಹುಪಾಲು ಪೇಟೆಂಟ್‌ದಾರರು ಚಿಪ್ ತಯಾರಕರಿಗೆ ಪರವಾನಗಿ ಕೊಡದೆ, ಅಂತಿಮ ಸಾಧನ ಮಾರುವವರಿಂದಲೇ ರಾಯಧನ ಕೇಳುವ ಪದ್ಧತಿ ಇಟ್ಟುಕೊಂಡಿದ್ದಾರೆ. ನಿಮ್ಮ ಖರೀದಿ ಕರಾರನ್ನು ತೆಗೆದು, 4ಜಿ ಮಾನದಂಡಕ್ಕೆ ಅತ್ಯಗತ್ಯವಾದ (ಅಂದರೆ ಬಳಸದೆ 4ಜಿ ಸಾಧನ ಮಾಡಲಾಗದ) ಪೇಟೆಂಟ್‌ಗಳ ಹೊಣೆಯಿಂದ ಮಾರಾಟಗಾರರು ನುಣುಚಿಕೊಂಡಿದ್ದಾರೆಯೇ ಎಂದು ಮೊದಲು ನೋಡಿ.

ಉತ್ತರ 2: ದೂರಸಂಪರ್ಕ ಎಂಜಿನಿಯರ್, ವೈಟ್‌ಫೀಲ್ಡ್
ದರದ ವಿಷಯದಲ್ಲಿ ಎರಡು ಪದ್ಧತಿಗಳಿವೆ: ಪ್ರತಿ ಸಾಧನಕ್ಕೆ ನಿಗದಿತ ಮೊತ್ತ, ಇಲ್ಲವೇ ಬೆಲೆಯ ಶೇಕಡಾವಾರು. 5ಜಿ ಫೋನಿಗೆ ನೋಕಿಯಾ 2018ರಲ್ಲಿ ಗರಿಷ್ಠ 3 ಯೂರೋ ಎಂದು ಘೋಷಿಸಿತು. ಕ್ವಾಲ್‌ಕಾಮ್ ಬಹುಮೋಡ್ (ಹಳೆಯ ಜಾಲಗಳಲ್ಲೂ ನಡೆಯುವ) 5ಜಿ ಫೋನಿನ ಬೆಲೆಯ ಶೇ. 3.25 ಕೇಳುತ್ತದೆಯಾದರೂ ಲೆಕ್ಕಕ್ಕೆ ಹಿಡಿಯುವ ಬೆಲೆ 400 ಡಾಲರಿಗೆ ನಿಲ್ಲುತ್ತದೆ. ಎರಿಕ್ಸನ್–ಲಾವಾ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠವು 2024ರ ಮಾರ್ಚ್‌ನಲ್ಲಿ, ಚಿಪ್ಪಿನ ಬೆಲೆಯಲ್ಲ, ಇಡೀ ಫೋನಿನ ನಿವ್ವಳ ಮಾರಾಟ ಬೆಲೆಯೇ ಆಧಾರವೆಂದು ಹೇಳಿ ಶೇ. 1.05 ದರ ಹಿಡಿದು, ಸುಮಾರು 244 ಕೋಟಿ ರೂಪಾಯಿ ಪರಿಹಾರ ವಿಧಿಸಿತು. ಅದೇ ಅಳತೆ ಹಿಡಿದರೆ ನಿಮ್ಮ ಸಾಧನಕ್ಕೆ 42 ರೂಪಾಯಿ, ಅದೂ ಒಬ್ಬ ಪೇಟೆಂಟ್‌ದಾರರಿಗೆ ಮಾತ್ರ. ನಿಮ್ಮ ಬ್ಯಾಟರಿಗೂ ಹೊರಕವಚಕ್ಕೂ ಎಲ್‌ಟಿಇ (4ಜಿ) ಪೇಟೆಂಟಿಗೂ ಏನು ಸಂಬಂಧ? ಫೋನಿನ ಲೆಕ್ಕವನ್ನು ಟ್ರ್ಯಾಕರಿಗೆ ಹೊರಿಸುವುದು ನ್ಯಾಯವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ; ಪ್ರತಿ ಸಾಧನಕ್ಕೆ ನಿಗದಿತ ಮೊತ್ತವನ್ನೇ ಕೇಳಿ.

ಉತ್ತರ 3: ಪರವಾನಗಿ ಸಲಹೆಗಾರ, ಮಲ್ಲೇಶ್ವರ
ಪತ್ರಕ್ಕೆ ಉತ್ತರಿಸದೆ ಮಾತ್ರ ಇರಬೇಡಿ. ನೋಕಿಯಾ–ಒಪ್ಪೋ ವ್ಯಾಜ್ಯದಲ್ಲಿ 2023ರ ಜುಲೈನಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ, ವಿಚಾರಣೆ ಮುಗಿಯುವ ಮೊದಲೇ ಠೇವಣಿ ಇಡುವಂತೆ ಒಪ್ಪೋಗೆ ಆದೇಶಿಸಿದೆ. ಯಾವ ಪೇಟೆಂಟ್ ಮಾನದಂಡದ ಯಾವ ಭಾಗಕ್ಕೆ ಅನ್ವಯಿಸುತ್ತದೆ ಎಂಬ ಹೋಲಿಕೆ ಪಟ್ಟಿಯನ್ನು ಲಿಖಿತವಾಗಿ ಕೇಳಿ. ಪೇಟೆಂಟ್ ಅತ್ಯಗತ್ಯ ಎಂಬುದು ಕಂಪನಿಗಳ ಸ್ವಯಂಘೋಷಣೆ. ಯುರೋಪಿನ ದೂರಸಂಪರ್ಕ ಮಾನದಂಡ ಸಂಸ್ಥೆ ಇಟಿಎಸ್‌ಐ ಅದನ್ನು ಪರಿಶೀಲಿಸುವುದಿಲ್ಲ.

ತಯಾರಕ, ಪೀಣ್ಯ
ಕರಾರನ್ನು ಈಗ ತೆಗೆದು ಓದಿದೆ: ಮೂರನೆಯವರ ಪೇಟೆಂಟ್ ರಾಯಧನ ಖರೀದಿದಾರರದೇ ಎಂದು ಹನ್ನೊಂದನೆಯ ಕಲಮಿನಲ್ಲಿ ಸ್ಪಷ್ಟವಾಗಿದೆ. ಹೋಲಿಕೆ ಪಟ್ಟಿ ಕೋರಿ ಈ ವಾರವೇ ಪತ್ರ ಬರೆಯುತ್ತೇನೆ.