‘ವಾಹಕ’ ಪದದ ಬಳಕೆ: ಉಣುಗಿಗೂ ಪಾರಿವಾಳಕ್ಕೂ ಒಂದೇ ಪದವೇ?

ಮಾನ್ಯರೇ,

ನಗರವಾಸಿ ಹಕ್ಕಿಗಳ ರೋಗ ಮತ್ತು ಪರಾವಲಂಬಿಗಳನ್ನು ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ನನ್ನನ್ನು ತಡೆದು ನಿಲ್ಲಿಸಿರುವುದು ‘ವಾಹಕ’ ಎಂಬ ಪದ. ವೆಕ್ಟರ್ (ರೋಗಾಣುವನ್ನು ಒಂದು ಮೈಯಿಂದ ಇನ್ನೊಂದಕ್ಕೆ ದಾಟಿಸುವ ಜೀವಿ), ಕ್ಯಾರಿಯರ್ (ತಾನು ಕಾಯಿಲೆ ಬೀಳದೆ ಸೋಂಕನ್ನು ಹೊತ್ತಿರುವ ಜೀವಿ) ಎರಡಕ್ಕೂ ನಮ್ಮ ಬರವಣಿಗೆಯಲ್ಲಿ ‘ರೋಗವಾಹಕ’ ಎಂಬ ಪದವೇ ಕಾಣುತ್ತದೆ. ಈ ವಿಷಯದಲ್ಲಾದರೋ ಅವೆರಡನ್ನೂ ಬೇರ್ಪಡಿಸದಿದ್ದರೆ ಅರ್ಥವೇ ಕೆಡುತ್ತದೆ.

ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದಲ್ಲಿ ಗೂಡುಕಟ್ಟುವ ಕೂಪರ್ಸ್ ಹಾಕ್ ಎಂಬ ಗಿಡುಗ ತನ್ನ ಮರಿಗಳಿಗೆ ಹೆಚ್ಚಾಗಿ ಬೆಳವ, ಪಾರಿವಾಳಗಳನ್ನು ತಂದುಣಿಸುತ್ತದೆ. ಪಾರಿವಾಳದ ಬಾಯಿ, ಗಂಟಲುಗಳಲ್ಲಿ ಟ್ರೈಕೊಮೊನಾಸ್ ಎಂಬ ಏಕಕೋಶಜೀವಿ ನೆಲೆಸಿರುತ್ತದೆ. ಅದನ್ನು ಹೊತ್ತೂ ಎಷ್ಟೋ ಪಾರಿವಾಳಗಳು ಆರೋಗ್ಯವಾಗಿಯೇ ಇರುತ್ತವೆ, ಆದರೆ ಅವನ್ನು ತಿಂದ ಗಿಡುಗದ ಮರಿಗಳು ಗಂಟಲಲ್ಲಿ ಹುಣ್ಣಾಗಿ ಸಾಯುವುದುಂಟು. 1990ರ ದಶಕದಲ್ಲಿ ಪರೀಕ್ಷಿಸಿದಾಗ ಈ ಸೋಂಕು ನಗರದ ಮರಿಗಳಲ್ಲಿ ಹೊರವಲಯದ ಮರಿಗಳಿಗಿಂತ ಬಹಳ ಹೆಚ್ಚಾಗಿತ್ತು. ಇದೇ ಜೀವಿ 2005ರಲ್ಲಿ ಬ್ರಿಟನ್ನಿನ ಫಿಂಚ್ ಎಂಬ ಕಾಳುತಿನ್ನುವ ಪುಟ್ಟ ಹಕ್ಕಿಗಳಲ್ಲಿ ಕಾಣಿಸಿಕೊಂಡಿತು. ನುಂಗಲಾರದ ಹಕ್ಕಿ ಹಿತ್ತಿಲ ಕಾಳುತಟ್ಟೆಯಲ್ಲಿ ಉಗುಳಿದ್ದನ್ನು ಮತ್ತೊಂದು ಹಕ್ಕಿ ಹೆಕ್ಕುತ್ತದೆ. 2009ರ ಹೊತ್ತಿಗೆ ಅವುಗಳಲ್ಲೊಂದಾದ ಗ್ರೀನ್‌ಫಿಂಚ್‌ಗಳ ಸಂಖ್ಯೆ ಅಲ್ಲಿ ಸುಮಾರು 43 ಲಕ್ಷದಿಂದ 28 ಲಕ್ಷಕ್ಕೆ ಕುಸಿಯಿತು. ಅಕ್ಕರೆಯಿಂದ ಇಟ್ಟ ಕಾಳೇ ಸೋಂಕು ಹರಡುವ ದಾರಿಯಾಯಿತೆಂಬುದನ್ನು ಬರೆಯುವಾಗ ಮನಸ್ಸು ಭಾರವಾಗುತ್ತದೆ. ಇಲ್ಲಿ ನಡುವೆ ಸೊಳ್ಳೆಯೂ ಇಲ್ಲ, ಉಣುಗೂ ಇಲ್ಲ.

ಯುರೋಪಿನ ಬ್ಲ್ಯಾಕ್‌ಬರ್ಡ್‌ಗಳದು ಬೇರೆಯೇ ಸಂಗತಿ. ಕಾಡಿನಲ್ಲಿರುವವುಗಳ ಮೈಮೇಲೆ ಉಣುಗು ಹೆಚ್ಚು, ನಗರದವುಗಳ ಮೇಲೆ ಕಡಿಮೆ. ಹಾಗಾಗಿ ‘ನಗರದಲ್ಲಿ ವಾಹಕಗಳು ಕಡಿಮೆ’ ಎಂದು ಬರೆದರೆ ಬ್ಲ್ಯಾಕ್‌ಬರ್ಡಿನ ಮಟ್ಟಿಗೆ ಆ ಮಾತು ನಿಜವಾಗುತ್ತದೆ, ಪಾರಿವಾಳವನ್ನೂ ವಾಹಕವೆಂದು ಕರೆದ ಮರುಕ್ಷಣ ಸುಳ್ಳಾಗುತ್ತದೆ.

ಹೆಸರಿನ ಗೊಂದಲ ನಮಗೆ ಹೊಸದಲ್ಲ. 1957ರಲ್ಲಿ ಕ್ಯಾಸನೂರು ಕಾಡಿನ ಬಳಿ ಗುರುತಿಸಿದ ರೋಗವನ್ನು ‘ಮಂಗನ ಕಾಯಿಲೆ’ ಎನ್ನುತ್ತೇವೆ. ಅದನ್ನು ಅಂಟಿಸುವುದು ಉಣುಗು, ಮಂಗವೂ ಅದರಿಂದ ಸಾಯುತ್ತದೆ. ಪಾರಿವಾಳಕ್ಕೆ ಪದ ಹುಡುಕುವಾಗ ಅಂಥ ಅಪವಾದ ಅಂಟಬಾರದೆಂಬುದು ನನ್ನ ಆಸೆ.

ಸದ್ಯಕ್ಕೆ ‘ವಾಹಕ’ವನ್ನು ಸೊಳ್ಳೆ, ಉಣುಗುಗಳಂತೆ ಒಂದು ಮೈಯಿಂದ ಇನ್ನೊಂದಕ್ಕೆ ರೋಗಾಣುವನ್ನು ದಾಟಿಸುವ ಜೀವಿಗಳಿಗೆ ಮೀಸಲಿಟ್ಟಿದ್ದೇನೆ. ರೋಗಾಣು ಬಹುಕಾಲ ಉಳಿದುಕೊಳ್ಳುವ ಪ್ರಾಣಿಸಮೂಹಕ್ಕೆ, ಅಂದರೆ ರಿಸರ್ವಾಯರ್‌ಗೆ, ‘ಸೋಂಕಿನ ನೆಲೆ’ ಸಾಕೆನಿಸುತ್ತದೆ. ತಾನು ಕಾಯಿಲೆ ಬೀಳದೆ ಸೋಂಕನ್ನು ಹೊತ್ತಿರುವ ಒಂಟಿ ಹಕ್ಕಿಗೆ ‘ಸೋಂಕುಧಾರಿ’ ಎಂದು ಬರೆದೆನಾದರೂ, ವೇಷಧಾರಿ, ಕಿರೀಟಧಾರಿಗಳ ಸಾಲಿನಲ್ಲಿ ಅದು ಬೇಕೆಂದೇ ತೊಟ್ಟದ್ದೆಂಬ ಭಾವ ಬರುತ್ತದೆ. ‘ಸೋಂಕುಹೊತ್ತ ಹಕ್ಕಿ’ ಎಂದರೆ ಅರ್ಥ ಸ್ಪಷ್ಟ, ಆದರೆ ಪ್ರತಿ ವಾಕ್ಯದಲ್ಲೂ ಉದ್ದವಾಗುತ್ತದೆ. ಕೋಳಿ, ಪಾರಿವಾಳ ಸಾಕುವವರ ಮಾತಿನಲ್ಲಿ, ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ರೋಗವಿರುವ ಹಕ್ಕಿಗೆ ಬೇರೆ ಹೆಸರಿದ್ದರೆ, ಯಾವ ಸೀಮೆಯದೆಂಬುದರೊಡನೆ ದಯವಿಟ್ಟು ತಿಳಿಸಿ.