ಅಣಬೆ ಕೋಣೆಗೆ ಗಾಳಿ ಹೇಗೆ, ವಾಸನೆಗೆ ಏನು ಮಾಡೋದು? ಬೆಳೆದವರ ಅನುಭವ

ಪ್ರಶ್ನೆ, ಕಾರವಾರದಿಂದ: ಮನೆಯ ಹಿಂದಿನ ಕೋಣೆಯಲ್ಲಿ ಹುಲ್ಲು ತುಂಬಿದ ಚೀಲಗಳಲ್ಲಿ ಚಿಪ್ಪು ಅಣಬೆ ಬೆಳೆಸುತ್ತಿದ್ದೇನೆ. ಉದ್ದ, ಅಗಲ 10 ಅಡಿ, ಎತ್ತರ 9 ಅಡಿ. ಇರೋದು ಒಂದೇ ಕಿಟಕಿ. ತೆರೆದರೆ ನೊಣ, ಮುಚ್ಚಿದರೆ ಹುಳಿ ವಾಸನೆ ಅಡುಗೆಮನೆ ತನಕ ಬರುತ್ತದೆ. ಪಕ್ಕದ ಮನೆಯವರೂ ಕೇಳಿದರು. ಅಣಬೆಯ ಕಾಲು ಉದ್ದ ಆಗಿ ಕೊಡೆ ಚಿಕ್ಕದಾಗಿದೆ. ಕಾರ್ಬನ್ ಫಿಲ್ಟರ್ ಇರುವ ಫ್ಯಾನ್ ತಗೊಳ್ಳಲಾ? ಮಾಡಿ ನೋಡಿದವರು ಹೇಳಿ.

ಶಿರಸಿಯಿಂದ: ಫಿಲ್ಟರ್ ಈಗಲೇ ಬೇಡ. ಕಾಲು ಉದ್ದ, ಕೊಡೆ ಚಿಕ್ಕದು ಅಂದರೆ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ ಆಗಿದೆ. ಹುಲ್ಲಿನೊಳಗೆ ಅಣಬೆಯ ಬಿಳಿ ಎಳೆಗಳು ಬಲೆಯಂತೆ ಹರಡುವಾಗ ಅಣಬೆ ಅದನ್ನು ತಡೆದುಕೊಳ್ಳುತ್ತದೆ, ಆದರೆ ಮೊಗ್ಗು ಬಂದ ಮೇಲೆ 1000 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 1000 ಭಾಗ) ಒಳಗೆ ಇದ್ದರೆ ಮಾತ್ರ ಕೊಡೆ ಅಗಲ ಆಗುತ್ತದೆ. ಬೆಳಕು ಕಡಿಮೆ ಇದ್ದರೂ ಕಾಲು ಉದ್ದ ಆಗಬಹುದು, ಅದನ್ನೂ ನೋಡಿಕೊಳ್ಳಿ. ಹಗಲಲ್ಲಿ ಪುಸ್ತಕ ಓದುವಷ್ಟು ಬೆಳಕಿದ್ದರೆ ಸಾಕು.

ಲೆಕ್ಕ ಸುಲಭ. ನಿಮ್ಮ ಕೋಣೆ 900 ಘನ ಅಡಿ. ಗಂಟೆಗೆ 6 ಸಲ ಗಾಳಿ ಬದಲಾಗಬೇಕು ಅಂದರೆ 5400 ಘನ ಅಡಿ, ಅಂದರೆ ಸುಮಾರು 150 ಘನ ಮೀಟರ್. ಆರಿಂಚಿನ ಸಾಮಾನ್ಯ ಎಕ್ಸಾಸ್ಟ್ ಫ್ಯಾನ್ ಸಾಕು. ಆದರೆ ಡಬ್ಬಿ ಮೇಲೆ ಬರೆದಿರುವ ಸಂಖ್ಯೆ ಮುಂದೆ ಏನೂ ಅಡ್ಡ ಇಲ್ಲದಾಗಿನದು. ಬಲೆ, ಪೈಪು ಹಾಕಿದ ಮೇಲೆ ಅಷ್ಟು ಬರಲ್ಲ. ಹಾಗಾಗಿ ಲೆಕ್ಕಕ್ಕಿಂತ ಸ್ವಲ್ಪ ದೊಡ್ಡದನ್ನೇ ತನ್ನಿ, ಟೈಮರ್ ಹಾಕಿ ಬಿಟ್ಟು ಬಿಟ್ಟು ಓಡಿಸಿ.

ಫ್ಯಾನ್ ಯಾವಾಗಲೂ ಗಾಳಿಯನ್ನು ಹೊರಗೆ ಎಳೆಯಬೇಕು, ಒಳಗೆ ತಳ್ಳಬಾರದು. ನಿಮ್ಮ ಅಡುಗೆಮನೆ ತಾಪತ್ರಯಕ್ಕೆ ಮುಖ್ಯ ಔಷಧಿ ಇದೇ. ಎಳೆದರೆ ಕೋಣೆಯೊಳಗಿನ ಒತ್ತಡ ಸ್ವಲ್ಪ ಕಡಿಮೆ ಇರುತ್ತದೆ, ಬಾಗಿಲ ಸಂದಿಯಿಂದ ಮನೆಯ ಗಾಳಿ ಅಣಬೆ ಕೋಣೆಗೆ ಹೋಗುತ್ತದೆ. ತಳ್ಳಿದರೆ ಅದೇ ಸಂದಿಯಿಂದ ವಾಸನೆಯೆಲ್ಲ ಮನೆಗೆ. ಗಾಳಿ ಒಳಬರುವ ಕಿಂಡಿ ಫ್ಯಾನಿನ ಎದುರು ಗೋಡೆಯಲ್ಲಿ, ಮೂಲೆಯಿಂದ ಮೂಲೆಗೆ ಓರೆಯಾಗಿ ಇರಲಿ. ಫ್ಯಾನ್ ಪಕ್ಕದಲ್ಲೇ ಕಿಂಡಿ ಮಾಡಿದರೆ ಅಲ್ಲಿನ ಗಾಳಿ ಅಲ್ಲೇ ತಿರುಗಿ ಹೋಗುತ್ತದೆ. ಕಿಂಡಿಗೆ ನೊಣ ಬಾರದಂತೆ ಸಣ್ಣ ಕಣ್ಣಿನ ನೈಲಾನ್ ಬಲೆ ಹೊಡೆಯಿರಿ. ಬಲೆ ಗಾಳಿ ತಡೆಯುತ್ತದೆ, ಅದಕ್ಕೆ ಕಿಂಡಿ ಫ್ಯಾನಿನ ಬಾಯಿಗಿಂತ ಎರಡು ಪಟ್ಟಾದರೂ ದೊಡ್ಡದಿರಲಿ.

ಆಮೇಲೆ ಒಂದು ಅಗರಬತ್ತಿ ಹಚ್ಚಿ ಪರೀಕ್ಷೆ ಮಾಡಿ. ನಾವು ಹಾಗೇ ಮಾಡಿದ್ದು. ಫ್ಯಾನ್ ಹಾಕಿ, ಬತ್ತಿಯನ್ನು ನೇತು ಹಾಕಿದ ಚೀಲಗಳ ಹಿಂದೆ, ಕೆಳಗಿನ ಸಾಲಿನ ನಡುವೆ, ನಾಲ್ಕೂ ಮೂಲೆಯಲ್ಲಿ ಹಿಡಿದು ಹೊಗೆ ನೋಡಿ. ಬಾಗಿ ಫ್ಯಾನಿನ ಕಡೆ ಹೋದರೆ ಸರಿ. ನೆಟ್ಟಗೆ ಮೇಲೆದ್ದು ಅಲ್ಲೇ ಸುತ್ತಿದರೆ ಅಲ್ಲಿ ಗಾಳಿ ಸತ್ತಿದೆ. ನಮ್ಮಲ್ಲಿ ಬಾಗಿಲ ಹಿಂದಿನ ಮೂಲೆ ಹಾಗಿತ್ತು, ಉದ್ದ ಕಾಲಿನ ಅಣಬೆಯೂ ಸರಿಯಾಗಿ ಅಲ್ಲೇ ಬರುತ್ತಿತ್ತು. ಚೀಲಗಳ ನಡುವೆ ಗೇಣು ಜಾಗ ಬಿಟ್ಟ ಮೇಲೆ ಹೊಗೆಯೂ ಓಡಿತು, ಕೊಡೆಯೂ ಬಿಚ್ಚಿತು. ಫ್ಯಾನಿನ ಗಾಳಿ ನೇರವಾಗಿ ಚೀಲಕ್ಕೆ ಮಾತ್ರ ಬಡಿಯಬಾರದು, ಮೊಗ್ಗು ಒಣಗುತ್ತದೆ.

ಕುಮಟಾದಿಂದ: ಗಾಳಿ ವಿಷಯ ಮೇಲೆ ಹೇಳಿದ್ದು ಸರಿ, ಆದರೆ ನಿಮ್ಮದು ಹುಳಿ ವಾಸನೆ ಅಂದಿರಿ, ಅಲ್ವಾ? ಒಳ್ಳೆ ಚೀಲದಿಂದ ಹುಳಿ ವಾಸನೆ ಬರಲ್ಲ. ತಾಜಾ ಅಣಬೆಯ, ಮಳೆ ಬಿದ್ದ ಕಾಡಿನ ನೆಲದ ವಾಸನೆ ಅಷ್ಟೇ. ಹುಳಿ ಅಂದರೆ ಹುಲ್ಲಲ್ಲಿ ನೀರು ಜಾಸ್ತಿಯಾಗಿ ಗಾಳಿಯಾಡದೆ ಬ್ಯಾಕ್ಟೀರಿಯಾ ಹಿಡಿದಿದೆ. ಎಷ್ಟು ಫ್ಯಾನ್ ಹಾಕಿದರೂ ಆ ಚೀಲ ಅಲ್ಲಿರುವ ತನಕ ವಾಸನೆ ಹುಟ್ಟುತ್ತಲೇ ಇರುತ್ತದೆ.

ಒಂದೊಂದೇ ಚೀಲ ಮೂಗಿಗೆ ಹಿಡಿದು ನೋಡಿ. ತಳದಲ್ಲಿ ಕಂದು ನೀರು ನಿಂತಿದ್ದರೆ, ಹುಲ್ಲು ಲೋಳೆಯಾಗಿದ್ದರೆ ತೆಗೆಯಿರಿ. ಹಸಿರು ಬೂಷ್ಟು ಕಂಡ ಚೀಲವನ್ನು ಕೋಣೆಯೊಳಗೆ ಬಿಚ್ಚಲೇಬೇಡಿ. ಮೇಲೊಂದು ಕವರ್ ಹಾಕಿ ಕಟ್ಟಿ ಹೊರಗೆ ಒಯ್ಯಿರಿ, ಇಲ್ಲದಿದ್ದರೆ ಆ ಹಸಿರು ಪುಡಿ ಉಳಿದ ಚೀಲಕ್ಕೆಲ್ಲ ಹಾರುತ್ತದೆ. ಕೊಯ್ದಾಗ ಉಳಿದ ಬುಡದ ತುಂಡನ್ನೂ ಕಿತ್ತು ತೆಗೆಯಬೇಕು. ಅದು ಕೊಳೆತರೆ ನೊಣಕ್ಕೆ ಹಬ್ಬ.

ಮುಂದಿನ ಸಲ ಹುಲ್ಲು ಬೇಯಿಸಿದ ಮೇಲೆ ಚೆನ್ನಾಗಿ ಬಸಿಯಲು ಬಿಡಿ. ನಾನು 80 ಡಿಗ್ರಿ ಆಸುಪಾಸಿನ ನೀರಲ್ಲಿ ಒಂದು ಗಂಟೆ ಇಟ್ಟು, ಇಳಿಜಾರಿಗೆ ಹಾಸಿದ ಶುಚಿಯಾದ ಪ್ಲಾಸ್ಟಿಕ್ ಮೇಲೆ ಹರಡುತ್ತೇನೆ. ಮುಷ್ಟಿಯಲ್ಲಿ ಹಿಂಡಿದರೆ ಅಂಗೈ ಒದ್ದೆಯಾಗಬೇಕು, ಹನಿ ಬೀಳಬಾರದು. ಮಳೆಗಾಲದಲ್ಲಿ ಹುಲ್ಲು ಬೇಗ ಆರಲ್ಲ, ಆದರೂ ಅವಸರ ಮಾಡಿ ತುಂಬಬೇಡಿ. ಬೆಳೆ ಮುಗಿದ ಚೀಲವನ್ನು ಕೋಣೆಯಲ್ಲಿ ಪೇರಿಸಿಡಬೇಡಿ, ತೆಂಗಿನ ಬುಡಕ್ಕೋ ಗೊಬ್ಬರ ಗುಂಡಿಗೋ ಅದು ಬಹಳ ಒಳ್ಳೆಯದು.

ಅಂಕೋಲಾದಿಂದ: ಕಾರ್ಬನ್ ಫಿಲ್ಟರ್ ಬಗ್ಗೆ ನಾನು ಹೇಳುತ್ತೇನೆ. ಅದು ಕೆಟ್ಟ ವಸ್ತು ಅಲ್ಲ, ಆದರೆ ಅಣಬೆ ಕೋಣೆಗೆ ಹೊಂದಲ್ಲ. ಇದ್ದಿಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ವಾಸನೆ ಅಂಟಿಕೊಳ್ಳುತ್ತದೆ, ಅದರ ಕೆಲಸ ಅಷ್ಟೇ. ನಮ್ಮ ಕೋಣೆಯಲ್ಲಿ ತೇವ 80ರಿಂದ 90 ಶೇಕಡಾ ಇರಲೇಬೇಕು. ಅಷ್ಟು ತೇವದ ಗಾಳಿ ಎಳೆದರೆ ಆ ರಂಧ್ರಗಳಲ್ಲಿ ನೀರೇ ತುಂಬಿಕೊಳ್ಳುತ್ತದೆ, ವಾಸನೆಗೆ ಜಾಗ ಇರಲ್ಲ. ಅಣಬೆಯ ಬೀಜದ ಪುಡಿ ಬೇರೆ ಕೂತು ಬಾಯಿ ಕಟ್ಟುತ್ತದೆ. ದುಡ್ಡು ದಂಡ.

ಅದರ ಬದಲು 110 ಎಂಎಂ ಪಿವಿಸಿ ಪೈಪನ್ನು ಫ್ಯಾನಿಗೆ ಜೋಡಿಸಿ ಹಂಚಿನ ಮಾಡಿಗಿಂತ ಮೇಲಕ್ಕೆ ಒಯ್ಯಿರಿ, ತುದಿಗೆ ಮಳೆ ನೀರು ಬೀಳದಂತೆ ಟೊಪ್ಪಿ. ಪೈಪು ಸಪೂರ ಇರುವುದರಿಂದ ಫ್ಯಾನ್ ಪೈಪಿಗೆಂದೇ ಮಾಡಿದ್ದಾದರೆ ಒಳ್ಳೆಯದು, ತಿರುವು ಕಡಿಮೆ ಇರಲಿ. ಎತ್ತರದಲ್ಲಿ ಬಿಟ್ಟ ಗಾಳಿ ಹರಡಿ ತೆಳುವಾಗುತ್ತದೆ. ಪಕ್ಕದ ಮನೆ ಯಾವ ದಿಕ್ಕಿಗಿದೆ ನೋಡಿಕೊಳ್ಳಿ. ಮಳೆ ಇಲ್ಲದ ದಿನ ಮಧ್ಯಾಹ್ನ ಗಾಳಿ ಕಡಲಿಂದ ಬರುತ್ತದೆ, ರಾತ್ರಿ ನೆಲದಿಂದ ಕಡಲ ಕಡೆಗೆ. ಅವರ ಮನೆ ಪೂರ್ವಕ್ಕಿದ್ದರೆ ಮಧ್ಯಾಹ್ನ ನಿಮ್ಮ ವಾಸನೆ ನೇರ ಅವರ ಕಿಟಕಿಗೆ. ಆಗ ಬೆಳಗಿನ ಹೊತ್ತು, ರಾತ್ರಿ ಹೊತ್ತು ಜಾಸ್ತಿ ಓಡಿಸಿ.

ಬಲೆ, ಸ್ಕ್ರೂ, ಕ್ಲ್ಯಾಂಪ್ ಯಾವುದೂ ಸಾದಾ ಕಬ್ಬಿಣದ್ದು ಬೇಡ. ಕಡಲ ಉಪ್ಪು ಗಾಳಿ, ಒಳಗಿನ ತೇವ ಎರಡೂ ಸೇರಿ ಬೇಗ ತಿಂದು ಹಾಕುತ್ತವೆ. ಫಿನಾಯಿಲ್, ರೂಮ್ ಫ್ರೆಶ್ನರ್ ಕೂಡ ಬೇಡ. ವಾಸನೆ ಮೇಲೆ ಇನ್ನೊಂದು ವಾಸನೆ ಅಷ್ಟೇ, ಅಣಬೆಯೂ ಹೀರಿಕೊಳ್ಳುತ್ತದೆ. ಓಝೋನ್ ಮಷಿನ್ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ, ಜನ ಓಡಾಡುವ ಮನೆಯಲ್ಲಿ ಅದು ಶ್ವಾಸಕೋಶಕ್ಕೆ ಅಪಾಯ.

ಮತ್ತೆ ಶಿರಸಿಯಿಂದ, ಇನ್ನೊಬ್ಬರು: ಮಳೆಗಾಲದಲ್ಲಿ ಕಿಟಕಿ ಮುಚ್ಚಿಡುತ್ತಾರಲ್ಲ, ಅದೇ ನನಗೆ ಬೇಸರ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಗಿನ ಗಾಳಿಯೇ ತೇವವಾಗಿರುತ್ತದೆ. ಎಷ್ಟು ಗಾಳಿ ಬದಲಾಯಿಸಿದರೂ ಕೋಣೆ ಒಣಗಲ್ಲ, ನೀರು ಸಿಂಪಡಿಸುವ ಕೆಲಸವೂ ಕಡಿಮೆ. ಧಾರಾಳವಾಗಿ ಓಡಿಸಿ. ಕಷ್ಟ ಇರೋದು ಚಳಿಗಾಲದ ಒಣಗಾಳಿಯಲ್ಲಿ, ಅದೂ ಘಟ್ಟದ ಮೇಲೆ ನಮಗೆ. ಆಗ ಗಾಳಿ ಬರುವ ಕಿಂಡಿಗೆ ಒದ್ದೆ ಗೋಣಿ ಇಳಿಬಿಡುತ್ತೇವೆ. ಗೋಣಿಯನ್ನು ಆಗಾಗ ತೊಳೆದು ಬಿಸಿಲಿಗೆ ಹಾಕಬೇಕು, ಇಲ್ಲದಿದ್ದರೆ ಅದೇ ಮುಗ್ಗಲು ವಾಸನೆ ಶುರು ಮಾಡುತ್ತದೆ.

ಇನ್ನೊಂದು ಮಾತು, ಇದನ್ನು ಹಗುರ ಮಾಡಬೇಡಿ. ಚಿಪ್ಪು ಅಣಬೆ ಬಲಿತರೆ ಬಿಳಿ ಪುಡಿ ಉದುರಿಸುತ್ತದೆ. ಬೆಳಿಗ್ಗೆ ಟಾರ್ಚ್ ಹಾಕಿ ನೋಡಿ, ಗಾಳಿಯಲ್ಲಿ ಹೊಗೆಯ ಹಾಗೆ ತೇಲುತ್ತಿರುತ್ತದೆ. ದಿನವೂ ಅದನ್ನು ಉಸಿರಾಡಿದರೆ ಕೆಲವರಿಗೆ ಒಣಕೆಮ್ಮು, ಸಂಜೆ ಹೊತ್ತಿಗೆ ಜ್ವರ, ಎದೆ ಬಿಗಿತ ಬರುತ್ತದೆ. ಕೊಡೆಯ ಅಂಚು ಮೇಲಕ್ಕೆ ಮಡಚುವ ಮೊದಲೇ ಕೊಯ್ದುಬಿಡಿ. ಒಳಗೆ ಹೋಗುವ ಮೊದಲು ಸ್ವಲ್ಪ ಹೊತ್ತು ಫ್ಯಾನ್ ಓಡಲಿ, ಎನ್95 ಮಾಸ್ಕ್ ಹಾಕಿಕೊಳ್ಳಿ. ಮನೆಯಲ್ಲಿ ಉಬ್ಬಸ ಇರುವವರಿದ್ದರೆ ಆ ಕೋಣೆಗೆ ಕಳಿಸಲೇಬೇಡಿ. ಕೆಮ್ಮು ಹಿಡಿದರೆ ಡಾಕ್ಟರ ಹತ್ತಿರ ಅಣಬೆ ಬೆಳೆಸುತ್ತೇನೆ ಅಂತ ನೀವೇ ಹೇಳಿ, ಅವರಾಗಿ ಕೇಳೋದು ಕಡಿಮೆ.

ಹೊನ್ನಾವರದಿಂದ: ಎಲ್ಲರೂ ಹೇಳಿದ್ದಾರೆ, ಕರೆಂಟಿನದ್ದು ಮಾತ್ರ ಸೇರಿಸುತ್ತೇನೆ. ಸ್ವಿಚ್, ಪ್ಲಗ್, ಟೈಮರ್ ಮೂರೂ ಕೋಣೆಯ ಹೊರಗಿರಲಿ. ಆ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ, ಒದ್ದೆ ಕೈಯಲ್ಲಿ ಕೆಲಸ ಮಾಡುವ ಜಾಗ ಅದು. ಗಾಳಿಮಳೆಗೆ ಕರೆಂಟು ಹೋದರೆ ಒಂದು 12 ವೋಲ್ಟಿನ ಸಣ್ಣ ಫ್ಯಾನನ್ನು ಬ್ಯಾಟರಿಗೆ ಕೊಟ್ಟು ಗಾಳಿ ಹೊರಗೆ ಎಳೆಯುವ ಹಾಗೆ ಇಟ್ಟರೆ ರಾತ್ರಿ ಕಳೆಯುತ್ತದೆ. ನಿಮ್ಮ ಕಿಟಕಿ ಯಾವ ಗೋಡೆಯಲ್ಲಿದೆ, ಬಾಗಿಲು ಯಾವ ಕಡೆ ಅಂತ ಬರೆಯಿರಿ, ಫ್ಯಾನ್ ಎಲ್ಲಿಡಬೇಕು ಅಂತ ನೋಡಿ ಹೇಳುತ್ತೇವೆ.